ಚೀಟಿಯನ್ನು ಓದುವುದೂ ಔಷಧಿಯನ್ನು ಅಳೆಯುವುದೂ

ಪ್ರಯೋಗಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿಯ ಕೈಗೆ ಅಳತೆಯ ಉಪಕರಣವೊಂದನ್ನು ಕೊಟ್ಟು ‘ಓದಿ ಹೇಳು’ ಎಂದರೆ, ಆತನು ಮುಳ್ಳು ನಿಂತಿರುವ ಗೀಟನ್ನು ಎಣಿಸಿ ಕೂಡಲೇ ‘ಹದಿನೇಳು’ ಎಂದುಬಿಡುತ್ತಾನೆ. ಹದಿನೇಳು ಏನು? ಒಂದು ಗೀಟಿನ ಬೆಲೆ ಎಷ್ಟು? ಇದಕ್ಕೆ ಉತ್ತರ ದೊರೆಯುವವರೆಗೆ ಆತನು ಓದಿದುದು ಅಂಕಿಯನ್ನೇ ಹೊರತು ಅಳತೆಯನ್ನಲ್ಲ. ಪ್ರಯೋಗಶಾಲೆಯಲ್ಲಿ ಈ ತಪ್ಪಿಗೆ ಎರಡು ಅಂಕ ಹೋಗಬಹುದು. ರೋಗಿಯ ಹಾಸಿಗೆಯ ಬಳಿ ಪ್ರಾಣವೇ ಹೋಗಬಹುದು. ನಾವು ವೈದ್ಯರಲ್ಲ. ಆದರೂ ಔಷಧಿಯ ಪ್ರಮಾಣವೆಂಬುದು ಒಂದು ಅಳತೆಯೇ ಆಗಿರುವುದರಿಂದ ಆ ವಿಚಾರವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ವೈದ್ಯರು ಹೇಳಿದುದನ್ನೂ ಚೀಟಿಯಲ್ಲಿ ಬರೆದುದನ್ನೂ ಗ್ರಹಿಸಿ ಅದರಂತೆ ನಡೆಯಬಲ್ಲ ಶಕ್ತಿಗೆ, ಸ್ಥೂಲವಾಗಿ, ‘ಆರೋಗ್ಯ ಸಾಕ್ಷರತೆ’ ಎಂದು ಹೆಸರು. ಈ ಹೆಸರು ಬಳಕೆಗೆ ಬಂದದ್ದು 1974ರಲ್ಲಿ. ಓದುಬರಹ ಬಂದರೆ ಸಾಲದೆ, ಇದಕ್ಕೊಂದು ಬೇರೆ ಹೆಸರೇಕೆ ಎಂದು ವಾಚಕರು ಕೇಳಬಹುದು. ಸಾಲದೆಂಬುದನ್ನು ಅಮೆರಿಕದ ಮೂರು ರಾಜ್ಯಗಳ ಚಿಕಿತ್ಸಾಲಯಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಸ್ಪಷ್ಟವಾಗಿ ತೋರಿಸಿದೆ. ಅಲ್ಲಿ 395 ರೋಗಿಗಳಿಗೆ ಔಷಧಿಯ ಸೀಸೆಗಳನ್ನು ತೋರಿಸಲಾಯಿತು. ಒಂದರ ಮೇಲೆ ‘ಎರಡು ಮಾತ್ರೆಗಳನ್ನು ದಿನಕ್ಕೆ ಎರಡು ಸಲ ಸೇವಿಸತಕ್ಕದ್ದು’ ಎಂಬ ಅರ್ಥದ ಸೂಚನೆಯಿತ್ತು. ಓದುವ ಶಕ್ತಿ ಕಡಮೆಯಿದ್ದ ರೋಗಿಗಳಲ್ಲಿಯೂ ನೂರಕ್ಕೆ 71 ಮಂದಿ ಈ ಸೂಚನೆಯನ್ನು ಸರಿಯಾಗಿ ಹೇಳಿದರು. ಬಳಿಕ, ‘ಒಂದು ದಿನಕ್ಕೆ ಬೇಕಾಗುವ ಮಾತ್ರೆಗಳನ್ನು ಎಣಿಸಿ ತೋರಿಸಿ’ ಎಂದಾಗ ನಾಲ್ಕು ಮಾತ್ರೆಗಳನ್ನು ತೋರಿಸಿದವರು ನೂರಕ್ಕೆ 35 ಮಂದಿ ಮಾತ್ರ! ಇವರೆಲ್ಲರೂ ಇಂಗ್ಲಿಷ್ ಬಲ್ಲವರು; ಸೂಚನೆಯೂ ಇಂಗ್ಲಿಷಿನಲ್ಲಿಯೇ ಇತ್ತು. ಇದನ್ನು ಓದಿ ನಗುವ ಮೊದಲು, ನಮ್ಮಲ್ಲಿ ಕನ್ನಡವೊಂದನ್ನೇ ಬಲ್ಲ ರೋಗಿಯ ಕೈಗೂ ಬಹುಮಟ್ಟಿಗೆ ಇಂಗ್ಲಿಷ್ ಚೀಟಿಯ ಸೀಸೆಯೇ ಬರುತ್ತದೆಂಬುದನ್ನು ನೆನೆಯಬೇಕು.

ದ್ರವರೂಪದ ಔಷಧಿಗಳಲ್ಲಿ ತೊಡಕು ಇನ್ನೂ ಹೆಚ್ಚು. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. ಹಸುಗೂಸುಗಳಿಗೆ ಹನಿಯಾಗಿ ಕೊಡುವ ಔಷಧಿ ಸೌಮ್ಯವಾಗಿರಬೇಕೆಂದು ನಾವು ಊಹಿಸುತ್ತೇವೆ. ವಾಸ್ತವವಾಗಿ ಅದರಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವುದುಂಟು. ಅಡಿಗೆಮನೆಯ ಚಮಚಗಳಂತೂ ಒಂದರಂತೆ ಒಂದಿಲ್ಲ. ಆದುದರಿಂದ ‘ಹೋದ ಸಲದಂತೆ ಒಂದು ಚಮಚ’ ಎಂಬ ಮಾತಿಗೆ ಅರ್ಥವೇ ಇಲ್ಲ. ಸೀಸೆಯೊಡನೆ ಬರುವ ಗೀಟುಗಳುಳ್ಳ ಮುಚ್ಚಳವನ್ನು ಎಸೆಯಬಾರದು.

ಇನ್ನು ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್. ಇದನ್ನು ಅಳೆಯುವುದು ಯೂನಿಟ್ಟುಗಳಲ್ಲಿ. (1920ರ ದಶಕದಲ್ಲಿ ಯೂನಿಟ್ಟನ್ನು ನಿರ್ಧರಿಸಿದ್ದು ತಕ್ಕಡಿಯಿಂದಲ್ಲ, ಮೊಲದ ರಕ್ತದಲ್ಲಿನ ಸಕ್ಕರೆ ಎಷ್ಟು ಇಳಿಯಿತೆಂಬುದನ್ನು ನೋಡಿ!) ನಮ್ಮ ದೇಶದಲ್ಲಿ ಸೀಸೆಗಳಲ್ಲಿ ದೊರೆಯುವ ಇನ್ಸುಲಿನ್ನಿನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. 100 ಯೂನಿಟ್ಟಿನ ಸೀಸೆಗಳೂ ಉಂಟು. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಮೊದಲನೆಯದರಲ್ಲಿ 40ರ ಗೀಟು 1 ಮಿಲಿಲೀಟರನ್ನು ಸೂಚಿಸಿದರೆ, ಎರಡನೆಯದರಲ್ಲಿ 100ರ ಗೀಟು ಅಷ್ಟನ್ನೇ ಸೂಚಿಸುತ್ತದೆ.

ವೈದ್ಯರು 20 ಯೂನಿಟ್ ಎಂದು ಬರೆದಿದ್ದಾರೆಂದುಕೊಳ್ಳೋಣ. 40ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೀಟಿನವರೆಗೆ ಎಳೆದರೆ ಅರ್ಧ ಮಿಲಿಲೀಟರ್, ಅಂದರೆ ಸರಿಯಾಗಿ 20 ಯೂನಿಟ್. ಅದೇ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೀಟಿಗೆ ಎಳೆದರೆ ಬರುವುದು 0.2 ಮಿಲಿಲೀಟರ್, ರೋಗಿಗೆ ಸಿಕ್ಕಿದುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ. ಇದಕ್ಕಿಂತ ಭಯಂಕರವಾದುದು ಇದರ ವಿಪರ್ಯಾಸ: 100ರ ಸೀಸೆ, ಕೆಂಪು ಮುಚ್ಚಳದ ಸಿರಿಂಜು. ಗೀಟು 20, ದೇಹಕ್ಕೆ ಹೋದುದು 50 ಯೂನಿಟ್! ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಬುದ್ಧಿಯ ಗಲಿಬಿಲಿ ತೋರಿ, ಸಕಾಲದಲ್ಲಿ ಸಕ್ಕರೆ ಕೊಡದಿದ್ದರೆ ರೋಗಿ ಎಚ್ಚರ ತಪ್ಪಿ ಸಾಯಲೂಬಹುದು. ಗಮನಿಸಿ, ಇಲ್ಲಿ ಅಂಕಿಯನ್ನು ಯಾರೂ ತಪ್ಪಾಗಿ ಓದಲಿಲ್ಲ.

ಹಾಗಾದರೆ ದೋಷ ರೋಗಿಯದೇ? ನಮಗೆ ಹಾಗೆ ತೋರುವುದಿಲ್ಲ. ‘ತಿಳಿಯಿತೆ?’ ಎಂದು ವೈದ್ಯರು ಕೇಳಿದರೆ ‘ತಿಳಿಯಿತು ಸ್ವಾಮಿ’ ಎಂದು ತಲೆಯಾಡಿಸುವುದು ನಮ್ಮ ಮರ್ಯಾದೆ. ತರಗತಿಯಲ್ಲಿ ನಾವು ಹಾಗೆ ಕೇಳಿದಾಗಲೂ ದೊರೆಯುವುದು ಇದೇ ಉತ್ತರವೇ. ಪರೀಕ್ಷೆಯ ದಿನ ಸತ್ಯ ಹೊರಬೀಳುತ್ತದೆ. ಆದುದರಿಂದ ಬಲ್ಲ ವೈದ್ಯರೂ ದಾದಿಯರೂ ‘ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ಮಾಡಿ ತೋರಿಸಿ’ ಎನ್ನುತ್ತಾರೆ. ರೋಗಿ ತಡವರಿಸಿದರೆ ಮತ್ತೆ ಬೇರೆ ಮಾತಿನಲ್ಲಿ ವಿವರಿಸುತ್ತಾರೆ. ಇದಕ್ಕೆ ಹಿಡಿಯುವುದು ಎರಡು ನಿಮಿಷ. ಅವರು ಹಾಗೆ ಕೇಳದಿದ್ದರೆ ರೋಗಿಯೊಡನೆ ಹೋದ ವಿದ್ಯಾರ್ಥಿಯೇ ‘ಒಮ್ಮೆ ಹೇಳಿಬಿಡುತ್ತೇವೆ, ಸರಿಯೇ ನೋಡಿ’ ಎನ್ನಬಹುದು.

ನಮ್ಮ ಪರಿಚಯದ ಮನೆಯೊಂದರಲ್ಲಿ ಅಕ್ಷರವೇ ಬಾರದ ಅಜ್ಜಿಯೊಬ್ಬರು ಎಷ್ಟೋ ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ. ಮೊದಲ ದಿನವೇ ದಾದಿಯೊಬ್ಬರು ಅವರ ಕೈಯಿಂದ ಮಾಡಿಸಿ ನೋಡಿ ಕಲಿಸಿದ್ದರಂತೆ. ಈಚೆಗೆ ಕಾಲೇಜಿನಲ್ಲಿ ಓದುವ ಮೊಮ್ಮಗ ಅಂಗಡಿಯಿಂದ ಹೊಸ ಸಿರಿಂಜುಗಳನ್ನು ತಂದುಕೊಟ್ಟ. ಅಜ್ಜಿ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, ‘ಇದರ ಟೋಪಿ ಕೆಂಪಿಲ್ಲವಲ್ಲೋ ಮಗು, ವಾಪಸು ಕೊಟ್ಟು ಬಾ’ ಎಂದರು.