ನಾಯಿಯ ಮೈಮೇಲಿನ ಚಿಗಟ, ಮನೆಯ ನೆಲದ ಚಿಗಟ

ಭಾಗಮಂಡಲದಿಂದ ಘಟ್ಟವಿಳಿದು ಪಾಣತ್ತೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಕರಿಕೆಯಂಥ ಊರಿನಲ್ಲಿ, ತೋಟಕ್ಕೆ ಕಾವಲಾಗಿ ನಾಯಿಯೂ ಇಲಿಗೆ ವೈರಿಯಾಗಿ ಬೆಕ್ಕೂ ಮನೆಮಂದಿಯೊಡನೆ ಇರುವುದು ಸಹಜ. ಕಕ್ಕಡದ ಮಳೆ ಹಿಡಿಯಿತೆಂದರೆ ಎರಡೂ ಬಚ್ಚಲೊಲೆಯ ಬೂದಿಯ ಬಳಿ ಸುರುಳಿ ಸುತ್ತಿಕೊಳ್ಳುತ್ತವೆ. ಚಿಗಟಕ್ಕೂ ಬೇಕಾದದ್ದು ಅದೇ: ಬೆಚ್ಚನೆಯ ಜಾಗ, ಹಸಿ ಗಾಳಿ, ಪಕ್ಕದಲ್ಲೇ ರಕ್ತ.

ಭಾನುವಾರ ನಾಯಿಯನ್ನು ತಿಕ್ಕಿ ತೊಳೆದರೂ ಮುಂದಿನ ಭಾನುವಾರಕ್ಕೆ ಮತ್ತೆ ಕೆರೆತವೇಕೆ? ಮೈಮೇಲೆ ಕಾಣುವುದು ಚಿಗಟದ ಸಂಸಾರದಲ್ಲಿ ನೂರಕ್ಕೆ ಐದು ಪಾಲು ಮಾತ್ರ ಎಂದು ಬಲ್ಲವರ ಅಂದಾಜು. ಉಳಿದದ್ದೆಲ್ಲ ನೆಲದಲ್ಲಿದೆ. ಹೆಣ್ಣು ಚಿಗಟ ದಿನಕ್ಕೆ 20ರಿಂದ 50 ಮೊಟ್ಟೆ ಇಡುತ್ತದೆ. ಅವು ರೋಮಕ್ಕೆ ಅಂಟಿಕೊಳ್ಳದೆ, ಪ್ರಾಣಿ ಮಲಗಿದಲ್ಲೆಲ್ಲ ಉದುರುತ್ತವೆ. ಒಡೆದು ಬಂದ ಮರಿಹುಳು ಬೆಳಕಿಗೆ ಹೆದರಿ ನೆಲದ ಬಿರುಕಿಗೋ ಚಾಪೆಯಡಿಗೋ ಸೇರಿ, ದೊಡ್ಡ ಚಿಗಟಗಳು ಉದುರಿಸಿದ ಒಣ ರಕ್ತದ ಹಿಕ್ಕೆಯನ್ನು ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟುತ್ತದೆ. ಈ ಗೂಡೇ ನಮ್ಮ ದೊಡ್ಡ ತೊಂದರೆ. ಧೂಳು ಮೆತ್ತಿಕೊಂಡ ಅದಕ್ಕೆ ಔಷಧಿ ಸುಲಭವಾಗಿ ತಾಗದು; ಒಳಗಿನ ಜೀವ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಗಲಿದೊಡನೆ ಹೊರಬೀಳುತ್ತದೆ. ಬೀಗ ಹಾಕಿದ್ದ ಮನೆಗೆ ಕಾಲಿಟ್ಟಾಗ ಮೊಣಕಾಲಿನವರೆಗೂ ಕಚ್ಚಿಸಿಕೊಳ್ಳುವುದು ಇದರಿಂದಲೇ.

ಸಂಶಯವಿದ್ದರೆ ಸೀರಣಿಗೆಯಿಂದ ನಾಯಿಯ ಬೆನ್ನು ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಬಿಳಿಬಟ್ಟೆಯ ಮೇಲಿಡಿ. ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಕಲೆ ಹರಡುತ್ತದೆ.

ಗೋಣಿ, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಬೇಕು. ಬಿಸಿಲಿಲ್ಲದ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗಿಸಬೇಕು. ಹಳೆಯ ಗೋಣಿಯನ್ನು ಸುಟ್ಟರೆ ಇನ್ನೂ ಮೇಲು. ಮೂಲೆ, ಬಿರುಕು, ಮಂಚದಡಿಗಳನ್ನು ದಿನವೂ ಗುಡಿಸಿ ಆ ಕಸವನ್ನು ಒಲೆಗೆ ಹಾಕಬೇಕು. ರಾತ್ರಿ ಸಾಬೂನು ನೀರಿನ ತಟ್ಟೆಯ ಮೇಲೆ ಸಣ್ಣ ದೀಪವಿಟ್ಟರೆ ಬೆಳಕಿಗೆ ಹಾರಿದ ಕೆಲವು ಚಿಗಟ ಮುಳುಗುತ್ತವೆ. ಮನೆಯಲ್ಲಿ ಎಷ್ಟಿವೆ ಎಂದು ತಿಳಿಯಲು ಇದು ಒಳ್ಳೆಯದು, ನಿರ್ಮೂಲಕ್ಕೆ ಸಾಲದು. ಬೇವಿನ ಹೊಗೆಯ ಮಾತೂ ಅಷ್ಟೇ.

ಔಷಧಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಸೀಮೆಎಣ್ಣೆ, ಫಿನಾಯಿಲ್, ತೋಟಕ್ಕೆ ತಂದ ಕೀಟನಾಶಕ ಇವನ್ನು ಪ್ರಾಣಿಯ ಮೈಗೆ ಹಚ್ಚಕೂಡದು. ಅವು ಚರ್ಮವನ್ನು ಸುಡುತ್ತವೆ, ನೆಕ್ಕಿದಾಗ ಹೊಟ್ಟೆಗೂ ಇಳಿಯುತ್ತವೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ನಡುಕ ಹತ್ತಿ ಅದು ಸಾಯಲೂಬಹುದು, ಏಕೆಂದರೆ ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಅರಗಿಸುವ ಶಕ್ತಿಯಿಲ್ಲ. ಪಶುವೈದ್ಯರು ತೂಕ ನೋಡಿ ಕೊಡುವ ಫಿಪ್ರೋನಿಲ್ ಹನಿಯೋ ಗುಳಿಗೆಯೋ ಇದೆ. ಮನೆಯ ಎಲ್ಲ ನಾಯಿಬೆಕ್ಕುಗಳಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು. ತೀರ ಎಳೆಯ ಮರಿಗಳಿಗೆ ಸೀರಣಿಗೆಯೇ ಔಷಧಿ. ಅವನ್ನು ಹಾಗೆಯೇ ಬಿಟ್ಟರೆ ಚಿಗಟ ರಕ್ತ ಹೀರಿ ಹೀರಿ ಒಸಡು ಬಿಳಿಚಿ ಮರಿ ಸತ್ತೇಹೋದೀತು.

ಪ್ಲೇಗು ತಂದ ಚಿಗಟವೇ ಇದು ಎಂದು ಹಿರಿಯರು ಕೇಳುವುದುಂಟು. 1898ರಲ್ಲಿ ಬೆಂಗಳೂರನ್ನು ಪ್ಲೇಗು ನಡುಗಿಸಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಅದನ್ನು ಹರಡುವುದು ಇಲಿಯ ಚಿಗಟವೆಂದು ಪ್ರಯೋಗದಿಂದ ತೋರಿಸಿದರು. ನಾಯಿಬೆಕ್ಕುಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಬೇರೆ ಜಾತಿ. ಅದರ ಕಾಟ ಬೇರೆ ಬಗೆಯದು: ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗಿದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯಬಹುದು. ಬಾಲದಡಿ ಅಕ್ಕಿಕಾಳಿನಂಥ ತುಣುಕು ಕಂಡರೆ ಹುಳುವಿನ ಔಷಧಿಯನ್ನೂ ಕೇಳಿ.

ಚಿಕಿತ್ಸೆಯಾದ ಎರಡು ಮೂರು ವಾರದಲ್ಲಿ ಹೊಸ ಚಿಗಟ ಕಂಡರೆ ಔಷಧಿ ಸುಳ್ಳೆಂದು ಬಿಡಬಾರದು. ಅವು ಹಳೆಯ ಗೂಡುಗಳಿಂದ ಬಂದವು. ವೈದ್ಯರು ಹೇಳಿದ ಅಂತರದಲ್ಲಿ ಕನಿಷ್ಠ ಮೂರು ತಿಂಗಳು ಮುಂದುವರಿಸಬೇಕು, ಗುಡಿಸುವುದನ್ನೂ ನಿಲ್ಲಿಸಬಾರದು.