ನಾಗವಲ್ಲಿಯ ಕೋಣೆಯಲ್ಲಿ ಇದ್ದದ್ದು ಯಾರು?

ಮಂಡಿಪೇಟೆಯಂಥ ಹಳೆಯ ಪೇಟೆಗಳ ಮನೆ ನೋಡಿದವರಿಗೆ ಗೊತ್ತು. ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಮನೆ, ನಡುವೆ ಬೆಳಕು ಬೀಳದ ಒಂದು ಕೋಣೆ, ಮೇಲೆ ಅಟ್ಟ. ಹಗಲು ಹೊತ್ತು ಅಲ್ಲಿರುವುದು ಹಳೆ ಚೀಲ, ತಾಮ್ರದ ಹಂಡೆ ಮಾತ್ರ. ರಾತ್ರಿ ಕರೆಂಟು ಹೋದರೆ ಸಾಕು, ಅಲ್ಲೊಂದು ದೆವ್ವ ಬಂದು ಸೇರಿಕೊಳ್ಳುತ್ತದೆ!

ಬೀಗ ಹಾಕಿದ ಇಂಥ ಒಂದು ಕೋಣೆಯ ಕಥೆಯೇ ‘ಆಪ್ತಮಿತ್ರ’. 2004ರ ಆಗಸ್ಟ್‌ನಲ್ಲಿ ತೆರೆಕಂಡ ಈ ಸಿನಿಮಾ ವರ್ಷವಿಡೀ ಓಡಿತು. ಆಗ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಿದ್ದ ಮಕ್ಕಳು ಈಗ ತಾವೇ ಅಪ್ಪ-ಅಮ್ಮಂದಿರಾಗಿದ್ದಾರೆ. ಇಷ್ಟು ವರ್ಷಗಳ ಮೇಲೆ ಅದನ್ನು ಮತ್ತೆ ನೋಡಿದರೆ ಹೇಗಿರುತ್ತದೆ? (ಸಿನಿಮಾ ನೋಡಿಲ್ಲದ ಮಕ್ಕಳೇ, ಮುಂದೆ ಓದಿದರೆ ಗುಟ್ಟು ಬಯಲಾಗುತ್ತದೆ. ಎಚ್ಚರ!)

ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಪಿ. ವಾಸು, ಸಂಗೀತ ಗುರುಕಿರಣ್ ಅವರದು. ರಮೇಶ್ ಅರವಿಂದ್ ಮತ್ತು ಸೌಂದರ್ಯ ಗಂಡ-ಹೆಂಡತಿ. ಇಬ್ಬರೂ ಒಂದು ಹಳೆಯ ಅರಮನೆಗೆ ವಾಸಕ್ಕೆ ಬರುತ್ತಾರೆ. ಹಿಂದೆ ರಾಜನೊಬ್ಬ ಅಲ್ಲಿ ನಾಗವಲ್ಲಿ ಎಂಬ ನರ್ತಕಿಯನ್ನು ಕೊಂದಿದ್ದನಂತೆ. ಗೆಜ್ಜೆ ಸದ್ದು ಕೇಳುತ್ತದೆ, ಮನೆಯಲ್ಲಿ ಒಂದರ ಮೇಲೊಂದು ಅನಾಹುತ ನಡೆಯುತ್ತದೆ. ಎಲ್ಲರೂ ನಾಗವಲ್ಲಿಯ ಆತ್ಮ ಎಂದು ನಡುಗುತ್ತಾರೆ. ಆಗ ಬರುವವರು ಮನೋವೈದ್ಯ ವಿಜಯ್, ಅಂದರೆ ನಮ್ಮ ವಿಷ್ಣುವರ್ಧನ್. ಅವರು ಕಂಡುಹಿಡಿಯುವುದೇನು? ಕೋಣೆಯಲ್ಲಿ ದೆವ್ವವೇ ಇಲ್ಲ! ಸೌಂದರ್ಯ ನಟಿಸಿದ ಗಂಗಾಳ ಮನಸ್ಸಿಗೆ ಕಾಯಿಲೆಯಾಗಿದೆ. ಕೇಳಿದ ಕಥೆಯಲ್ಲಿ ಮುಳುಗಿ ಮುಳುಗಿ ಅವಳು ತಾನೇ ನಾಗವಲ್ಲಿ ಎಂದುಕೊಂಡಿದ್ದಾಳೆ.

ಮೊದಲ ಸಲ ನೋಡಿದಾಗ ನಾವು ಹೆದರಿದ್ದು ನಾಗವಲ್ಲಿಗೆ. ಎರಡನೇ ಸಲ ನೋಡಿದರೆ ಕರುಳು ಚುರುಕ್ ಎನ್ನುವುದು ಗಂಗಾಳನ್ನು ಕಂಡು. ಅಷ್ಟು ದೊಡ್ಡ ಮನೆ, ಅಷ್ಟೊಂದು ಜನ. ಆದರೂ ಆ ಹುಡುಗಿಯ ಒಳಗೆ ಏನಾಗುತ್ತಿದೆ ಎಂದು ಡಾಕ್ಟರ್ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಬದಲಿಗೆ ಅನುಮಾನ ಪ್ರೇಮಾ ನಟಿಸಿದ ಹುಡುಗಿಯ ಮೇಲೆ ಹೋಗುತ್ತದೆ. ಊರಿನಲ್ಲೂ ಹೀಗೇ ಅಲ್ಲವೇ? ಏನಾದರೂ ಕೆಟ್ಟದ್ದು ನಡೆದರೆ, ಎದುರು ಮಾತಾಡದವರ ಕಡೆಗೇ ಬೆರಳು ಮೊದಲು ತಿರುಗುತ್ತದೆ.

ಈ ಕಥೆಯ ಮೂಲ 1993ರ ಮಲಯಾಳಂ ಸಿನಿಮಾ ‘ಮಣಿಚಿತ್ರತಾಳ್’. ಚಿತ್ತಾರದ ಬೀಗ ಎಂದು ಅದರ ಅರ್ಥ. ಬರೆದವರು ಮಧು ಮುಟ್ಟಂ, ನಿರ್ದೇಶಿಸಿದವರು ಫಾಸಿಲ್. ಗಂಗಾಳಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಸುಮ್ಮನೆ ಅನುಮಾನಕ್ಕೆ ಗುರಿಯಾಗುವ ಹುಡುಗಿಯ ಪಾತ್ರ ಮಾಡಿದವರು ನಮ್ಮ ವಿನಯಾ ಪ್ರಸಾದ್. ಅಲ್ಲಿಯ ಗಂಗಾ ಅಜ್ಜಿಯ ಮಡಿಲಲ್ಲಿ, ಅಜ್ಜಿ ಹೇಳುವ ಕಥೆ ಕೇಳುತ್ತ ಬೆಳೆದವಳು. ಅಪ್ಪ-ಅಮ್ಮ ದೂರದ ಕೋಲ್ಕತ್ತಾದಲ್ಲಿ. ಒಂದು ದಿನ ಅವರು ಬಂದು ಅವಳನ್ನು ಅಜ್ಜಿಯಿಂದ ಬಿಡಿಸಿಕೊಂಡು ಹೊರಡಲು ನಿಂತಾಗ ಆ ಎಳೆ ಮನಸ್ಸಿಗೆ ಮೊದಲ ಪೆಟ್ಟು ಬೀಳುತ್ತದೆ. ಅಜ್ಜಿಯ ಪಕ್ಕ ಮಲಗಿ ಬೆಳೆದ ಮಕ್ಕಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸಿನಿಮಾ ಹೇಳಿದ್ದೆಲ್ಲ ಸರಿಯೇ? ಕೊನೆಯಲ್ಲಿ ವೈದ್ಯರೂ ಆಚಾರ್ಯರೂ ಸೇರಿ ಒಂದು ನಾಟಕ ಹೂಡುತ್ತಾರೆ. ರಾಜನ ಜಾಗದಲ್ಲಿ ಬೊಂಬೆ ಇಟ್ಟು, ಸೇಡು ತೀರಿತು ಎಂದು ನಾಗವಲ್ಲಿಯನ್ನು ನಂಬಿಸುತ್ತಾರೆ. ಒಂದೇ ರಾತ್ರಿಯಲ್ಲಿ ಕಾಯಿಲೆ ಮಾಯ! ತೆರೆಯ ಮೇಲೆ ಇದು ಚೆನ್ನ. ನಿಜವಾದ ಚಿಕಿತ್ಸೆಗೆ ತಿಂಗಳುಗಳೇ ಬೇಕು, ವರ್ಷಗಳೂ ಆಗಬಹುದು. ಡಾಕ್ಟರ ಜೊತೆ ಮತ್ತೆ ಮತ್ತೆ ಮಾತು, ಬೇಕಾದರೆ ಔಷಧ, ಮನೆಯವರ ತಾಳ್ಮೆ, ಇವೆಲ್ಲ ಸೇರಬೇಕು. ದೆವ್ವ ಬಿಡಿಸುತ್ತೇವೆ ಎಂದು ಯಾರನ್ನಾದರೂ ಹೊಡೆಯುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ನೋವಿನ ಮಾತು. ಗಂಗಾಳಾಗಿ ನಮ್ಮನ್ನು ನಡುಗಿಸಿದ ಸೌಂದರ್ಯ ಈ ಸಿನಿಮಾದ ಗೆಲುವನ್ನು ನೋಡಲೇ ಇಲ್ಲ. ಬಿಡುಗಡೆಗೆ ನಾಲ್ಕು ತಿಂಗಳ ಮೊದಲು, 2004ರ ಏಪ್ರಿಲ್ 17ರಂದು, ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಾಗವಲ್ಲಿಯ ಕಥೆ ಮುಂದುವರಿಸಿದ ‘ಆಪ್ತರಕ್ಷಕ’ 2010ರಲ್ಲಿ ತೆರೆಗೆ ಬಂದಾಗ ವಿಷ್ಣುವರ್ಧನ್ ಅವರೂ ಇರಲಿಲ್ಲ. ಇವತ್ತು ಸಿನಿಮಾ ಹಾಕಿ ಕೂತರೆ ಅಜ್ಜ-ಅಜ್ಜಿಯರ ಕಣ್ಣು ಒದ್ದೆಯಾಗುವುದಕ್ಕೆ ಇದೂ ಒಂದು ಕಾರಣ.

ಮಕ್ಕಳೇ, ಮುಂದಿನ ರಜೆಗೆ ಅಜ್ಜ-ಅಜ್ಜಿಯ ಜೊತೆ ಕೂತು ಈ ಸಿನಿಮಾ ನೋಡಿ. ಹೆದರಿಕೆಯ ಜಾಗ ಬಂದಾಗ ಟೀವಿಯ ಸದ್ದು ಪೂರ್ತಿ ಇಳಿಸಿ. ಗೆಜ್ಜೆ, ಸಂಗೀತ ನಿಂತ ಕೂಡಲೇ ಅರ್ಧ ದೆವ್ವ ಓಡಿಹೋಗುತ್ತದೆ! ಆಮೇಲೆ ಗಂಗಾಳ ಮುಖವನ್ನೇ ಗಮನಿಸಿ. ನಾಗವಲ್ಲಿಯ ಮಾತು ಬಂದಾಗಲೆಲ್ಲ ಆ ಕಣ್ಣು ಹೇಗೆ ಅರಳುತ್ತವೆ ನೋಡಿ. ಗುಟ್ಟು ಅಲ್ಲೇ ಇದೆ.

ಹಿರಿಯರೇ, ನಿಮಗೂ ಒಂದು ಕೆಲಸವಿದೆ. ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಮಂಕಾದರೆ, ನಿದ್ದೆ-ಊಟ ಬಿಟ್ಟರೆ, ತಮ್ಮಷ್ಟಕ್ಕೆ ಮಾತಾಡಿಕೊಂಡರೆ, ‘ಗಾಳಿ ಸೋಕಿದೆ’ ಎನ್ನುವ ಮೊದಲು ಪಕ್ಕದಲ್ಲಿ ಕೂತು ‘ಏನಾಯ್ತಪ್ಪಾ? ಏನಾಯ್ತವ್ವಾ?’ ಎಂದು ಕೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆ ಅರಮನೆಯಲ್ಲಿ ಗಂಗಾಳನ್ನು ಯಾರಾದರೂ ಮೊದಲೇ ಹೀಗೆ ಕೇಳಿದ್ದರೆ, ಅವಳು ನಾಗವಲ್ಲಿಯಾಗುವಷ್ಟು ಒಂಟಿಯಾಗಿ ನರಳಬೇಕಿರಲಿಲ್ಲ.