ಬೋರ್ಡಿಲ್ಲದ ಬಾಗಿಲು

ಬೆಂಗಳೂರಿನಲ್ಲಿ ಬಾರ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಬಸ್ಸಿನಲ್ಲಿ ಕೂತಲ್ಲಿಂದಲೇ ಬೋರ್ಡು ಕಾಣುತ್ತದೆ. ಕುಡಿತ ಬಿಡಬೇಕೆನ್ನುವವರು ಸೇರುವ ಜಾಗವನ್ನು ಮಾತ್ರ ಕೇಳಿಕೊಂಡೇ ಹೋಗಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರ ಬಾಯಲ್ಲೂ ಎ.ಎ., ತನ್ನನ್ನು ತಾನು ಹೊಗಳಿಕೊಂಡು ಪ್ರಚಾರಕ್ಕೆ ಇಳಿಯುವುದಿಲ್ಲ. ಶಾಲೆಯ ಕೊಠಡಿಯನ್ನೋ ಚರ್ಚಿನ ಹಾಲನ್ನೋ ವಾರದಲ್ಲಿ ಒಂದೆರಡು ಸಂಜೆ ಪಡೆದುಕೊಂಡು ಸೇರುವ ಗುಂಪುಗಳೇ ಹೆಚ್ಚು.

ಅವರ ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿದವರೂ ಒಂದು ಕಾಲಕ್ಕೆ ಕುಡಿದು ಬಿಟ್ಟವರೇ. ಹೆಸರು, ಊರು, ಕೆಲಸ ಒಂದನ್ನೂ ಕೇಳಲಿಲ್ಲ. ನೋಡಿ ಬರೆಯಬೇಕು, ಬರಬಹುದೇ ಎಂದೆ. "ಓಪನ್ ಮೀಟಿಂಗ್ ಇರೋ ದಿನ ಬನ್ನಿ ಸಾರ್. ಆದ್ರೆ ಯಾರ ಫೋಟೋನೂ ಬೇಡ, ಹೆಸರೂ ಬೇಡ." ಓಪನ್ ಮೀಟಿಂಗಿಗೆ ಮನೆಯವರು, ಸ್ನೇಹಿತರು, ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಮಾತ್ರ ಕುಡಿತದ ತೊಂದರೆ ಇರುವವರಿಗೇ ಮೀಸಲು.

ಈ ಕೂಟ ಹುಟ್ಟಿದ್ದೂ ಒಂದು ಫೋನ್ ಕರೆಯಿಂದಲೇ. 1935ರ ಮೇ ತಿಂಗಳು. ಷೇರು ವ್ಯವಹಾರದ ಬಿಲ್ ವಿಲ್ಸನ್ ನ್ಯೂಯಾರ್ಕಿನಿಂದ ಓಹಾಯೋದ ಆಕ್ರನ್‌ಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ಕೆಲಸವೂ ಕೆಟ್ಟಿತ್ತು. ಹೋಟೆಲಿನ ಲಾಬಿಯಲ್ಲಿ ನಿಂತವನಿಗೆ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನತ್ತ ನಡೆದು, ಒಬ್ಬ ಪಾದ್ರಿಯ ನಂಬರು ತಿರುಗಿಸಿ, ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕೆಂದು ಕೇಳಿದ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಅವರು ಕೊನೆಯ ಸಲ ಕುಡಿದ ಜೂನ್ 10, 1935 ಎ.ಎ. ಹುಟ್ಟಿದ ದಿನವಾಯಿತು.

ನಾನು ಹೋದದ್ದು ಒಂದು ಶಾಲೆಗೆ. ಗೇಟಿನ ಹತ್ತಿರ ಹಿರಿಯರೊಬ್ಬರು ನಿಂತಿದ್ದರು. ಕಾವಲುಗಾರರೇನೋ ಅಂದುಕೊಂಡರೆ ಅವರೂ ಸದಸ್ಯರೇ. "ಗೇಟಿನ ತನಕ ಬಂದು ವಾಪಸ್ ಹೋಗೋರೇ ಜಾಸ್ತಿ ಸಾರ್. ಕಿವಿಗೆ ಫೋನ್ ಹಿಡ್ಕೊಂಡು ಆ ಕಡೆ ಈ ಕಡೆ ಓಡಾಡ್ತಾ ಇರ್ತಾರೆ. ಆ ಕಡೆ ಯಾರೂ ಇರಲ್ಲ. ನಾನೂ ಹಂಗೇ ಮಾಡಿದ್ನಲ್ಲ!" ಅಂಥವರ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆತರುವುದಕ್ಕೇ ಅವರು ಅಲ್ಲಿ ನಿಲ್ಲುತ್ತಾರೆ. ಆ ಸಂಜೆ ನಾನು ಕಂಡ ಅತಿ ದೊಡ್ಡ ಕೆಲಸ ಅದು.

ಒಳಗೆ ಮಕ್ಕಳ ಬೆಂಚುಗಳು, ದೊಡ್ಡವರು ಮೊಣಕಾಲು ಮಡಿಸಿ ಓರೆಯಾಗಿ ಕೂರಬೇಕು. ಡೆಸ್ಕಿನ ಮೇಲೆ ಕೈವಾರದಿಂದ ಕೆತ್ತಿದ ಹೆಸರುಗಳು. ಕರಿಹಲಗೆಗೆ ಅಡ್ಡಲಾಗಿ, ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳ ಬಟ್ಟೆಯ ಬ್ಯಾನರು. ಹೆಜ್ಜೆಗಳಲ್ಲಿ ದೇವರ ಮಾತಿದೆ, ಆ ದೇವರು ಯಾರೆಂಬುದು ಅವರವರಿಗೆ ಬಿಟ್ಟದ್ದು. ಪ್ರಾರ್ಥನೆ ಮುಗಿಯಿತು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಎಂದು ತಮ್ಮ ಕಥೆ ಶುರು ಮಾಡಿದರು. ಮಧ್ಯೆ ಯಾರೂ ಬಾಯಿ ಹಾಕಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಕುಡಿಯುವವನಿಗೆ ಸಿಗುವುದು ಬೈಗುಳ, ಇಲ್ಲವೇ ಆಣೆ ಪ್ರಮಾಣ. ತನ್ನ ಕಥೆಯನ್ನೇ ಇನ್ನೊಬ್ಬನ ಬಾಯಲ್ಲಿ ಕೇಳುವ ಅವಕಾಶ ಅವನಿಗೆ ಬೇರೆಲ್ಲೂ ಸಿಗುವುದಿಲ್ಲ.

ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ಹೇಳಿದವರೇ ಒಪ್ಪಿದ್ದರಿಂದ ಒಂದನ್ನು ಮಾತ್ರ ಬರೆಯುತ್ತೇನೆ: ಹೆಂಡತಿ ಹುಡುಕಿದರೂ ಸಿಗಬಾರದೆಂದು ತೊಂಬತ್ತು ಎಂ.ಎಲ್.ನ ಪ್ಯಾಕೆಟ್ಟನ್ನು ಅವರು ಸ್ಕೂಟರ್ ಡಿಕ್ಕಿಯಲ್ಲಿ, ರೇನ್‌ಕೋಟಿನ ತೋಳಿನೊಳಗೆ ತುರುಕಿಡುತ್ತಿದ್ದರಂತೆ. ಕೊಠಡಿಯೆಲ್ಲ ನಕ್ಕಿತು. ಅಡಗಿಸಿಟ್ಟು ಗೊತ್ತಿದ್ದವರ ನಗು ಅದು.

ಕೊನೆಗೆ ಹಣದ ಡಬ್ಬಿ ಬಂತು. ನಾನು ಜೇಬಿಗೆ ಕೈ ಹಾಕಿದರೆ ಪಕ್ಕದವರು ತಡೆದರು. ಖರ್ಚೆಲ್ಲ ಸದಸ್ಯರದೇ, ಹೊರಗಿನ ದುಡ್ಡು ಮುಟ್ಟುವುದಿಲ್ಲ. ಸೇರಲು ಶುಲ್ಕವೂ ಇಲ್ಲ, ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಹೊಸಬರ ಕೈಗೆ ನಾಲ್ಕೈದು ಫೋನ್ ನಂಬರು ಬರೆದ ಚೀಟಿ ಕೊಟ್ಟು ಒಬ್ಬರು ಹೇಳಿದರು: "ಕುಡೀಬೇಕು ಅನ್ನಿಸಿದಾಗ ಮಾಡಿ ಅಣ್ಣ, ಕುಡಿದ ಮೇಲಲ್ಲ. ರಾತ್ರಿ ಎಷ್ಟೊತ್ತಾದ್ರೂ ಸರಿ."

ಚಹಾ ಕುಡಿಯುವಾಗ ಬಂದ ಮಾತೊಂದನ್ನು ಓದುಗರು ಮರೆಯಬಾರದು. ಬೆಳಗೆದ್ದರೆ ಕೈ ನಡುಗುವಷ್ಟು ಕುಡಿತಕ್ಕೆ ಬಿದ್ದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೂ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರ ಹತ್ತಿರ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಮೀಟಿಂಗು ಔಷಧಕ್ಕೆ ಬದಲಿ ಅಲ್ಲ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯದೇ ಕೂಟವಿದೆ. ಗಂಡ ಬರಲೊಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಹಳ್ಳಿಯಲ್ಲಿ ಹೆಸರು ಮುಚ್ಚಿಡಲು ಆಗುವುದಿಲ್ಲ, ಯಾರು ಎಷ್ಟು ಕುಡಿಯುತ್ತಾರೆಂದು ಊರಿಗೇ ಗೊತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಆ ಬಹಿರಂಗವನ್ನೇ ಬಲವಾಗಿಸಿಕೊಂಡಿವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಕಟ್ಟಿಕೊಂಡು, ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಎ.ಎ. ಇಲ್ಲದ ತಾಲ್ಲೂಕುಗಳಲ್ಲಿ ಮೊದಲು ವಿಚಾರಿಸಬೇಕಾದ್ದು ಈ ಸಮಿತಿಗಳನ್ನು. ಹತ್ತಿರದಲ್ಲಿ ಏನಿದೆ ಎಂದೇ ಗೊತ್ತಾಗದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ, ಮನೆಯವರೂ ಮಾಡಬಹುದು.